ಗರುಡಮಲೆಯ ಎರಡು ದಾರಿ: ಬಿಚ್ಚದೆ ಉಳಿದ ಪೊಟ್ಟಣ

"ಯಾರೂ ಕೂತ್ಕೋಬೇಡಿ. ಭಾನುವಾರ ಬೆಟ್ಟಕ್ಕೆ ಯಾರ್ಯಾರು ಏನೇನು ಹಾಕ್ಕೊಂಡು ಹೋಗಿದ್ರೋ ಎಲ್ಲಾ ತಂದು ಇಲ್ಲಿಡಿ. ಬೂಟು, ಬಟ್ಟೆ, ಚೀಲ, ಟೋಪಿ. ಒಗೆದಾಗಿದ್ರೂ ಪರವಾಗಿಲ್ಲ, ತನ್ನಿ."

ಗೋದಾಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಣ್ಣನ ಮನೆಯ ಹಾಲಿನ ನಡುವೆ ಹಳೆಯ ಬೆಡ್‌ಶೀಟ್ ಹಾಸಿದರು. ಮೂವತ್ತೊಂದು ವರ್ಷ ಅವರು ಮದರಾಸಿನ ವಡಪಳನಿಯ ಸಿನಿಮಾ ಸ್ಟುಡಿಯೋಗಳಲ್ಲಿ ನಟರ ಬಟ್ಟೆಬರೆ ನೋಡಿಕೊಂಡವರು. ಇವತ್ತಿನ ಶಾಟ್‌ನಲ್ಲಿ ನಾಯಕನ ಅಂಗಿಯ ಎರಡನೆಯ ಗುಂಡಿ ಬಿಚ್ಚಿದ್ದರೆ, ಮೂರು ವಾರ ಬಿಟ್ಟು ತೆಗೆಯುವ ಮುಂದಿನ ಶಾಟ್‌ನಲ್ಲೂ ಅದೇ ಗುಂಡಿ ಬಿಚ್ಚಿರಬೇಕು. ಇಲ್ಲದಿದ್ದರೆ ಬೈಗುಳವೆಲ್ಲ ಅವರ ಪಾಲಿಗೆ. ಅವರು ರಿಟೈರ್ ಆಗಿ ಆರು ವರ್ಷವಾಗಿತ್ತು, ಅವರ ಕಣ್ಣು ಮಾತ್ರ ರಿಟೈರ್ ಆಗಿರಲಿಲ್ಲ.

ಅವರ ಅಣ್ಣ ಹರಿದಾಸರು ಗರುಡಮಲೆಯಲ್ಲಿ ಕಾಣೆಯಾಗಿ ಇದು ಮೂರನೆಯ ದಿನ.

ಹೊರಗೆ ಕತ್ತಿರಿ ಬಿಸಿಲು. ಮೇ ತಿಂಗಳ ಈ ಇಪ್ಪತ್ತೈದು ದಿನ ಮದರಾಸಿನಲ್ಲಿ ಕಾಗೆ ಕೂಡ ನೆರಳು ಬಿಟ್ಟು ಹಾರುವುದಿಲ್ಲ. ಎಪ್ಪತ್ತೊಂದು ವರ್ಷದ ಮನುಷ್ಯ, ಬಂಡೆಗಳ ನಡುವೆ ಎಲ್ಲೋ ಬಿದ್ದಿದ್ದರೆ... ಗೋದಾಬಾಯಿ ಆ ಯೋಚನೆಯನ್ನು ಅಲ್ಲಿಗೇ ಕತ್ತರಿಸಿದರು.

ಫೋನ್ ಬಡಿದುಕೊಂಡಿತು. ಹನುಮಂತಯ್ಯ. ಗೋದಾಬಾಯಿಯ ಮನೆಯ ಮೇಲಿನ ಮಹಡಿಯಲ್ಲಿ ಮಗಳ ಜೊತೆ ಇರುವ, ಮಂಡ್ಯ ಕಡೆಯ ರಿಟೈರ್ಡ್ ಹೆಡ್ ಕಾನ್ಸ್‌ಟೇಬಲ್. ಸುದ್ದಿ ತಿಳಿದ ದಿನವೇ ಬಸ್ ಹತ್ತಿ ಬೆಟ್ಟದ ಬುಡಕ್ಕೆ ಹೋಗಿ ಕೂತಿದ್ದ.

"ಅಮ್ಮಾರೇ, ರೇಂಜರ್ ಸಾಹೇಬ್ರು ಹೇಳ್ಬುಟ್ರು. ಐದ್ ಗಂಟೆವರ್ಗೂ ಹುಡುಕ್ತೀವಿ, ಆಮೇಲೆ ಜನಾನ ವಾಪಸ್ ಕರುಸ್ಕೊತೀವಿ ಅಂತ. ಇರೋದೇ ಹದ್ನಾಲ್ಕು ಜನ. ದೊಣೆ ದಾರೀಲಿ ಎಲ್ಡ್ ದಿನ ಜಾಲಾಡಿದ್ದಾಯ್ತು, ಒಂದ್ ಟವಲ್ ಚೂರೂ ಸಿಗ್ನಿಲ್ಲ. ಈಗ ಇನ್ನೊಂದೇ ಒಂದ್ ಕಡೆ ನೋಡೋಷ್ಟು ಹೊತ್ತದೆ. ಅಲ್ಲೇ ಇನ್ನೂ ಕೆಳಕ್ಕೆ ಇಳಿಯನಾ, ಇಲ್ಲ ಬ್ಯಾರೆ ಕಡೆ ಹೋಗನಾ? ನೀವೇ ಯೋಳಿ."

"ಈಗ ಎಷ್ಟು ಗಂಟೆ?"

"ಒಂದೂ ಮುಕ್ಕಾಲು."

"ಅರ್ಧ ಗಂಟೆ ಕೊಡಿ ಹನುಮಂತಯ್ಯ. ಹೇಳ್ತೀನಿ."

ಗರುಡಮಲೆಗೆ ಇರುವುದು ಎರಡೇ ದಾರಿ. ಪೂರ್ವಕ್ಕೆ ಮೆಟ್ಟಿಲ ದಾರಿ: ಬರೀ ಬಂಡೆ, ಒಂದು ಮರವಿಲ್ಲ, ಹತ್ತು ಗಂಟೆಯ ಮೇಲೆ ಕಾದ ಕಾವಲಿ. ಪಶ್ಚಿಮಕ್ಕೆ ದೊಣೆ ದಾರಿ: ಕಾಡಿನ ನೆರಳು, ಅರ್ಧದಲ್ಲಿ ಬಂಡೆಯಲ್ಲೇ ಕೊರೆದ ದೊಣೆ ಎಂಬ ಪುಟ್ಟ ಕೊಳ, ಆಮೇಲೆ ಕಡಿದಾದ ಇಳಿಜಾರು. ಭಾನುವಾರ ಐದು ಜನ ಮೆಟ್ಟಿಲ ದಾರಿಯಲ್ಲಿ ಹತ್ತಿದ್ದರು. ಇಳಿಯುವಾಗ ದೊಣೆ ದಾರಿ. ಕೆಳಗೆ ತಲುಪಿದಾಗ ಹರಿದಾಸರು ಮಾತ್ರ ಇರಲಿಲ್ಲ.

ಹಾಸಿದ ಬಟ್ಟೆಯ ಮೇಲೆ ಒಂದೊಂದೇ ಸಾಮಾನು ಬಂದು ಬಿತ್ತು. ಹರಿದಾಸರ ಮಗ ಉಪೇಂದ್ರನ ದಪ್ಪ ಬೂಟು, ಪ್ಯಾಂಟಿನ ಅಂಚಿಗೆ ಇನ್ನೂ ಕಚ್ಚಿಕೊಂಡ ಉತ್ರಾಣಿ ಮುಳ್ಳು. ಅವನ ಹೆಂಡತಿ ರಂಜನಿಯ ಚೂಡಿದಾರದ ಅಂಚಿನಲ್ಲೂ ಅದೇ ಮುಳ್ಳು. ಅಳಿಯ ಸಮೀರ್‌ನ ಬಿಳಿ ಬೂಟಿನಲ್ಲಿ ಒಂದೂ ಇಲ್ಲ.

"ನಾನು ಕಾರ್ ತರಕ್ಕೆ ಮೆಟ್ಟಿಲ ಮೇಲೇ ಇಳಿದೆ ಅಲ್ವಾ ಅತ್ತೆ," ಎಂದ ಸಮೀರ್, ಕೇಳುವ ಮೊದಲೇ. "ಕಾರು ಆ ಕಡೆ, ಇವರೆಲ್ಲ ಇಳಿಯೋದು ಈ ಕಡೆ. ಯಾರಾದ್ರೂ ಹೋಗಿ ಸುತ್ತಿಸಿಕೊಂಡು ಬರಲೇಬೇಕಿತ್ತು."

ಅವನು ಪೆರುಂಗುಡಿಯಲ್ಲಿ ಕಂಪ್ಯೂಟರ್ ಕೆಲಸದವನು, ಹರಿದಾಸರ ಮಗಳು ಹರಿಪ್ರಿಯಾಳ ಗಂಡ. ಏಳು ತಿಂಗಳ ಬಸುರಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಎರಡು ದಿನದಿಂದ ಇಲ್ಲಿಗೆ ಬಂದು ಎಲ್ಲರಿಗೂ ಕಾಫಿ ಮಾಡಿಕೊಡುತ್ತಿದ್ದ. ಇವತ್ತೂ ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪ್ ಚೀಲದ ಸಮೇತ ಬಂದವನು ಇನ್ನೂ ಅದನ್ನು ಹೆಗಲಿನಿಂದ ಇಳಿಸಿರಲಿಲ್ಲ.

"ಅಣ್ಣನ ಚಪ್ಪಲಿ?"

"ಅಪ್ಪ ಚಪ್ಪಲಿ ಹಾಕ್ಕೊಂಡು ಹತ್ತಲಿಲ್ಲ ಅತ್ತೆ," ಎಂದ ಉಪೇಂದ್ರ. "ದೇವರ ಬೆಟ್ಟ ಅಂತ ಕೆಳಗೇ ಬಿಟ್ರು. ಹೂವಿನಂಗಡಿಯವಳ ಹತ್ರ."

ಗೋದಾಬಾಯಿಗೆ ಆ ಚಪ್ಪಲಿ ಕಣ್ಣೆದುರು ಬಂತು. ಕಂದು ತೊಗಲಿನದು. ಹೋದ ತಿಂಗಳು ಅವರೇ ಮುರುಗನ ಗುಡಿ ಬೀದಿಯಲ್ಲಿ ಕೂತು ಎರಡರ ಪಟ್ಟಿಗೂ ಹೊಲಿಗೆ ಹಾಕಿಸಿದ್ದರು. ಕಂದು ದಾರ ಮುಗಿದಿದೆ ಅಂತ ಹೊಲಿಯುವವನು ಹಳದಿ ದಾರ ಹಾಕಿದ್ದಕ್ಕೆ ಹರಿದಾಸರು, "ಏನೇ ಗೋದೀ, ನನ್ನನ್ನ ಮದುವೆ ಗಂಡು ಮಾಡಿಬಿಟ್ಯಲ್ಲೇ" ಎಂದು ನಕ್ಕಿದ್ದರು.

"ಇನ್ನೊಂದು ಚೀಲ ಕಡಿಮೆ ಇದೆ," ಎಂದರು ಗೋದಾಬಾಯಿ. "ರಂಜನಿ ತೋರಿಸಿದ ಬೆಟ್ಟದ ಫೋಟೋದಲ್ಲಿ ಮಗು ಬೆನ್ನಿಗೆ ಗುಲಾಬಿ ಚೀಲ ಇತ್ತು."

ಎಲ್ಲರೂ ರೂಮಿನ ಬಾಗಿಲ ಕಡೆ ತಿರುಗಿದರು. ಉಪೇಂದ್ರನ ಎಂಟು ವರ್ಷದ ಮಗಳು ವೀಕ್ಷಾ ಪರದೆಯ ಹಿಂದೆ ನಿಂತಿದ್ದಳು. ಗುಲಾಬಿ ಚೀಲ ಎದೆಗವಚಿಕೊಂಡಿದ್ದಳು.

"ಕೊಡೇ ಅದನ್ನ. ಎರಡು ದಿನದಿಂದ ಹಿಡ್ಕೊಂಡೇ ಮಲಗ್ತಾಳೆ ಅತ್ತೆ, ಮುಟ್ಟಿದ್ರೆ ಅಳ್ತಾಳೆ," ಎಂದಳು ರಂಜನಿ.

"ನೀನು ಸುಮ್ನಿರು."

ಗೋದಾಬಾಯಿ ಮೊಣಕಾಲಿನ ನೋವನ್ನು ಲೆಕ್ಕಿಸದೆ ನೆಲದ ಮೇಲೆ ಕೂತರು. ಮಗುವನ್ನು ಕರೆಯಲಿಲ್ಲ. ರಂಜನಿಯ ಚೂಡಿದಾರ ಎಳೆದುಕೊಂಡು ಅಂಚಿನ ಮುಳ್ಳುಗಳನ್ನು ಒಂದೊಂದಾಗಿ ಕೀಳತೊಡಗಿದರು. ನಾಲ್ಕು ಮುಳ್ಳು ಕೀಳುವಷ್ಟರಲ್ಲಿ ಹುಡುಗಿ ಪಕ್ಕಕ್ಕೆ ಬಂದು ಕೂತಿದ್ದಳು.

"ಅಜ್ಜಿ, ಎನ್ನಾಲೆ ತಾನಾ ತಾತಾ ಕಾಣೋಮ್?"

ತನ್ನಿಂದಲೇ ತಾತ ಕಾಣೆಯಾದರೇ ಎಂದು ಕೇಳುತ್ತಿತ್ತು ಮಗು. ಮನೆಯಲ್ಲಿ ಕನ್ನಡವೇ ಆದರೂ ಅವಳ ಬಾಯಿಗೆ ಬರುವುದು ಶಾಲೆಯ ತಮಿಳು.

"ನಿನ್ನಿಂದ ಯಾಕೆ ಪುಟ್ಟಾ?"

"ನಾನ್ ಅದೆ ತಣ್ಣೀಲೆ ಪೋಡಲೆ." ನಾನು ಅದನ್ನ ನೀರಿಗೆ ಹಾಕಲಿಲ್ಲ.

ಚೀಲದ ಜಿಪ್ ಸರಿಯಿತು. ಒಳಗಿನಿಂದ ಹೊರಬಂದದ್ದು ಬಾಳೆಯೆಲೆಯ ಒಂದು ಪುಟ್ಟ ಪೊಟ್ಟಣ. ಎಲೆ ಒಣಗಿ ಕಂದಾಗಿತ್ತು. ಕಟ್ಟಿದ ನಾರು ಹಾಗೇ ಇತ್ತು.

ರಂಜನಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ಇದು ಆ ಇನ್ನೊಂದು ಪೊಟ್ಟಣ!"

ದೇವರ ಮುಂದೆ ಎರಡು ಪೊಟ್ಟಣ ಇಟ್ಟು ಕೇಳುವುದು ಹರಿದಾಸರ ಮನೆಯಲ್ಲಿ ಹೊಸದಲ್ಲ. ಒಂದರಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು. ಮನೆಯ ಚಿಕ್ಕ ಮಗು ಒಂದನ್ನು ಎತ್ತಬೇಕು. ಉಪೇಂದ್ರ ಯಾವ ಕಾಲೇಜು ಸೇರಬೇಕು, ಈ ಫ್ಲಾಟ್ ಕೊಳ್ಳಬೇಕೋ ಬೇಡವೋ, ಎಲ್ಲ ಹೀಗೇ ತೀರ್ಮಾನವಾದದ್ದು. ಸಮೀರ್‌ನನ್ನು ಅಳಿಯನಾಗಿ ಆರಿಸಿದ್ದೂ ಒಂದು ಪೊಟ್ಟಣವೇ. ಎತ್ತಿದ್ದನ್ನು ಬಿಚ್ಚುತ್ತಾರೆ. ಉಳಿದದ್ದನ್ನು ಬಿಚ್ಚುವುದಿಲ್ಲ. ದೇವರು ಹೇಳಿಯಾದ ಮೇಲೆ ಅದನ್ನು ತೆರೆದು ನೋಡುವುದು ದೇವರ ಮೇಲೇ ಅನುಮಾನ ಪಟ್ಟಂತೆ. ಹಾಗೇ ಹರಿಯುವ ನೀರಿಗೋ ಕೊಳಕ್ಕೋ ಹಾಕಿಬಿಡುವುದು ರೂಢಿ.

ಭಾನುವಾರವೂ ಆದದ್ದು ಅದೇ. ಬೆಟ್ಟದ ತುದಿಯ ನರಸಿಂಹನ ಗುಡಿಯೆದುರು ಇಳಿಯುವ ದಾರಿಗಾಗಿ ಜಗಳ. ಉಪೇಂದ್ರ ನೆರಳಿನ ದಾರಿ ಅಂದ. ಹತ್ತಿದ ದಾರಿಯಲ್ಲೇ ಇಳಿಯಬೇಕು ಅಂತ ಹರಿದಾಸರು ಹಟ ಹಿಡಿದರು. ದೊಣೆ ದಾರಿ ಕಡಿದಾದದ್ದು ಅಂತ ರಂಜನಿಗೂ ಮೆಟ್ಟಿಲೇ ಬೇಕಿತ್ತು. ಕೊನೆಗೆ ಹರಿದಾಸರೇ, "ಸ್ವಾಮಿಯನ್ನೇ ಕೇಳೋಣ" ಅಂದರು. ಬಿಳಿ ನಂದಿಬಟ್ಟಲು ಬಂದರೆ ದೊಣೆ ದಾರಿ, ಕೆಂಪು ಕಣಗಿಲೆ ಬಂದರೆ ಮೆಟ್ಟಿಲು. ವೀಕ್ಷಾ ಎತ್ತಿದಳು. ಬಿಳಿ ಬಂತು.

"ದಾರೀಲಿ ದೊಣೆ ಸಿಗತ್ತೆ, ಅದರ ನೀರಿಗೆ ಇದನ್ನ ಹಾಕು ಅಂತ ತಾತ ನಿನಗೆ ಕೊಟ್ರಾ?"

ಮಗು ತಲೆಯಾಡಿಸಿತು.

"ಮತ್ತೆ ಯಾಕೆ ಹಾಕಲಿಲ್ಲ?"

"ಅಂಗೆ ತಣ್ಣಿಯೇ ಇಲ್ಲ ಅಜ್ಜಿ!"

ಅಲ್ಲಿ ನೀರೇ ಇರಲಿಲ್ಲ.

ಗೋದಾಬಾಯಿ ಮಗುವಿನ ತಲೆ ನೇವರಿಸಿದರು. "ನೀನು ಮಾಡಿದ್ದು ತುಂಬ ಸರಿ ಪುಟ್ಟಾ. ನೀರಿಲ್ಲದ ಕಡೆ ಹೇಗೆ ಹಾಕೋದು? ನೀನು ಇಟ್ಕೊಂಡಿದ್ದಕ್ಕೇ ತಾತ ಸಿಗ್ತಾರೆ, ನೋಡ್ತಿರು. ಹೋಗು, ಫ್ರಿಜ್‌ನಲ್ಲಿ ತಾಟಿನುಂಗು ಇದೆ, ಅಜ್ಜಿಗೂ ಒಂದು ತಾ."

ಮಗು ಒಳಗೆ ಹೋಗುವವರೆಗೂ ಕಾದು ಅವರು ದೊಡ್ಡವರ ಕಡೆ ತಿರುಗಿದರು. ದನಿ ಏರಲಿಲ್ಲ.

"ರಂಜನಿ, ಆ ಫೋನ್ ಕೊಡು. ದೊಣೆ ಹತ್ರ ತೆಗೆದ ಫೋಟೋ."

ಫೋಟೋದಲ್ಲಿ ರಂಜನಿಯೂ ವೀಕ್ಷಾಳೂ ಬೆವರುತ್ತ ನಗುತ್ತಿದ್ದರು. ಅವರ ಹಿಂದೆ ದೊಣೆಯ ತಳ ಬಿರುಕು ಬಿಟ್ಟ ಕೆಸರಿನ ಹಪ್ಪಳದಂತೆ ಬಿದ್ದಿತ್ತು.

"ಉಪೇಂದ್ರ, ಪೊಲೀಸರಿಗೆ ನೀನು ಏನಂತ ಬರೆದುಕೊಟ್ಟೆ? ಓದಲಾ? 'ದೊಣೆಯವರೆಗೂ ನನ್ನ ತಂದೆ ನನ್ನ ಜೊತೆಯಲ್ಲೇ ಇದ್ದರು. ಅಲ್ಲಿ ನೀರಿಗಿಳಿದು ಕಾಲು ತೊಳೆದುಕೊಳ್ಳುತ್ತಿದ್ದುದನ್ನು ನಾನು ಕೊನೆಯದಾಗಿ ನೋಡಿದೆ.' ಯಾವ ನೀರು ಕಣೋ?"

ಉಪೇಂದ್ರ ಕಿಟಕಿಯ ಕಡೆ ನೋಡಿದ. "ಸ್ವಲ್ಪ ಇತ್ತು ಅತ್ತೆ. ಮೂಲೇಲಿ."

"ಮೂಲೆ ತೋರಿಸು. ನಾಲ್ಕು ಫೋಟೋ ಇದೆ, ಯಾವುದರಲ್ಲಿ ಬೇಕಾದ್ರೂ ತೋರಿಸು."

"ಅತ್ತೆ, ನೀವು ನನ್ನನ್ನ ಕಳ್ಳನ ಥರ..."

"ಕಳ್ಳನ ಥರ ಅಲ್ಲ. ನನ್ನ ಅಣ್ಣನ ಮಗನ ಥರ ಕೇಳ್ತಿದೀನಿ. ಹದಿನಾಲ್ಕು ಜನ ಎರಡು ದಿನದಿಂದ ಆ ದೊಣೆಯ ಕೆಳಗೆ ಒಂದೊಂದು ಕಲ್ಲೂ ತಿರುವಿ ಹಾಕ್ತಿದ್ದಾರೆ. ಯಾಕೆ? ನೀನು ಅಲ್ಲಿ ನೋಡಿದೆ ಅಂದ್ಯಲ್ಲ, ಅದಕ್ಕೆ. ಅಣ್ಣ ಅಲ್ಲಿಗೆ ಬಂದೇ ಇಲ್ಲದಿದ್ರೆ?"

ರಂಜನಿ ಗಂಡನ ಮುಖ ನೋಡಿದಳು. "ಏನ್ರೀ? ಮಾವ ನಿಮ್ಮ ಜೊತೆ ಹಿಂದೆ ಬರ್ತಿದ್ದಾರೆ ಅಂದ್ರಲ್ಲ ನನಗೆ? ನಾನು ಮಗು ಕೈ ಹಿಡ್ಕೊಂಡು ಮುಂದೆ ಹೋಗಿಬಿಟ್ಟೆ."

"ಬರ್ತಾರೆ ಅಂತಾನೇ ಅನ್ಕೊಂಡೆ!" ಉಪೇಂದ್ರನ ದನಿ ಒಡೆಯಿತು. "ಹೂವು ಬಿಳಿ ಬಂತು, ಆಯ್ತು, ಹೊರಡೋಣ ಅಂದ್ರೆ, ನೀವು ಹೊರಡಿ, ನಂದು ಸಾವಿರದೆಂಟು ಜಪ ಬಾಕಿ ಇದೆ ಅಂತ ಅಲ್ಲೇ ಕಂಬಕ್ಕೆ ಒರಗಿ ಕೂತ್ರು. ನಂಗೆ ಕೋಪ ಬಂತು ಅತ್ತೆ. ನಿಮ್ಮ ಜಪ ಮುಗಿಯೋವರೆಗೂ ಮಗು ಬಿಸಿಲಲ್ಲಿ ಬೇಯಬೇಕಾ ಅಂದೆ. ಅಲ್ಲೇ ಇರಿ ನಿಮ್ಮ ದೇವರ ಜೊತೆ ಅಂದೆ. ಅಂದು... ಇಳಿದುಬಿಟ್ಟೆ."

"ತಿರುಗಿ ನೋಡಿದ್ಯಾ?"

"ಇಲ್ಲ."

"ಎಷ್ಟು ಹೊತ್ತು?"

"ಕೆಳಗೆ ಬರೋವರೆಗೂ. ಒಂದೂವರೆ ಗಂಟೆ."

ಅವನು ಸೋಫಾದ ತೋಳಿನ ಮೇಲೆ ಕುಸಿದು ಕೂತ. ಮದರಾಸಿನ ಉತ್ತರಕ್ಕಿರುವ ಮಣಲಿಯ ಒಂದು ಕಾರ್ಖಾನೆಯಲ್ಲಿ ಅವನು ಸೇಫ್ಟಿ ಆಫೀಸರ್. ಪ್ರತಿ ಶಿಫ್ಟಿನ ಕೊನೆಗೂ ಗೇಟಿನಲ್ಲಿ ನಿಂತು ಇನ್ನೂರು ತಲೆ ಎಣಿಸಿ ಹೊರಗೆ ಬಿಡುವುದು ಅವನ ಕೆಲಸ. ಒಬ್ಬ ಕಡಿಮೆ ಬಂದರೆ ಸೈರನ್ ಒತ್ತಬೇಕು.

"ಇನ್ಸ್‌ಪೆಕ್ಟರ್ ನನ್ನ ಕೆಲಸ ಏನು ಅಂತ ಮೊದಲು ಕೇಳಿದ್ರು. ಹೇಳಿದೆ. ಆಮೇಲೆ ಅಪ್ಪನ್ನ ಕೊನೇಲಿ ಎಲ್ಲಿ ನೋಡಿದ್ರಿ ಅಂದ್ರು. ಐದು ಜನರಲ್ಲಿ ಒಬ್ಬರನ್ನ ಎಣಿಸಲಿಲ್ಲ ಅಂತ ಹೇಗೆ ಹೇಳ್ಲಿ ಅತ್ತೆ? ಬಾಯಿಗೆ ದೊಣೆ ಅಂತ ಬಂತು. ಬಂದಮೇಲೆ ಅದನ್ನೇ ಬರೆದೆ."

ಗೋದಾಬಾಯಿ ಬೈಯಲಿಲ್ಲ. ಬೈಯಬೇಕಾದದ್ದನ್ನೆಲ್ಲ ಅವನೇ ಎರಡು ದಿನದಿಂದ ಬೈದುಕೊಂಡಿದ್ದನ್ನು ಅವನ ಕಣ್ಣ ಸುತ್ತಲಿನ ಕಪ್ಪು ಹೇಳುತ್ತಿತ್ತು. ಅವರು ಫೋನ್ ಎತ್ತಿದರು.

"ಹನುಮಂತಯ್ಯ, ಎಲ್ಲರನ್ನೂ ಮೆಟ್ಟಿಲ ಕಡೆ ತಿರುಗಿಸಿ. ಅಣ್ಣ ದೊಣೆ ದಾರಿ ಹಿಡಿದೇ ಇಲ್ಲ. ತುದೀಲೇ ಉಳಿದಿದ್ರು. ಹೌದು, ಬರೆದುಕೊಟ್ಟಿದ್ದು ತಪ್ಪು, ರೇಂಜರ್ ಹತ್ರ ಉಪೇಂದ್ರನೇ ಮಾತಾಡ್ತಾನೆ. ಇನ್ನೊಂದು. ಮೆಟ್ಟಿಲ ಬುಡದಲ್ಲಿ ಹೂವಿನಂಗಡಿಯವಳ ಹತ್ರ ಅಣ್ಣ ಚಪ್ಪಲಿ ಬಿಟ್ಟಿದ್ರು. ಇನ್ನೂ ಇದೆಯಾ ನೋಡಿ. ಇದ್ರೆ ಅಣ್ಣ ಮೇಲೇ ಇದ್ದಾರೆ. ಇಲ್ಲ ಅಂದ್ರೆ..."

"ಇಳ್ದವ್ರೆ ಅಂತ. ಗೊತ್ತಾಯ್ತು ಕನಮ್ಮಾರೇ. ರೇಂಜರ್ ಜೀಪಲ್ಲೇ ಆ ಕಡೀಕೆ ಹೋಯ್ತೀವಿ, ನೋಡ್ಬುಟ್ಟು ಫೋನ್ ಮಾಡ್ತೀನಿ."

ಫೋನ್ ಇಟ್ಟಾಗ ಎರಡೂ ಹತ್ತು. ಗೋದಾಬಾಯಿಯ ಕೈಯಲ್ಲಿ ಪೊಟ್ಟಣ ಹಾಗೇ ಇತ್ತು. ಬಿಚ್ಚಬಾರದು. ಅವರ ಅಪ್ಪ ಇದ್ದಿದ್ದರೆ ಕೈಗೆ ಹೊಡೆಯುತ್ತಿದ್ದರು.

ನಾರು ಹರಿಯದ ಹಾಗೆ ಅವರು ಎಲೆಯ ಒಂದು ಮೂಲೆ ಸರಿಸಿ ಇಣುಕಿದರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು.

"ಕೆಂಪು ಎಷ್ಟೇ ಮಾಸಿದ್ರೂ ಬಿಳಿಯಾಗಲ್ಲ," ಎಂದರು ನಿಧಾನವಾಗಿ. "ಇದರಲ್ಲೂ ನಂದಿಬಟ್ಟಲೇ ಇದೆ."

"ಅಂದ್ರೆ?" ಎಂದ ಉಪೇಂದ್ರ.

"ಎರಡೂ ಬಿಳಿ. ಮಗು ಯಾವುದನ್ನ ಎತ್ತಿದ್ರೂ ದೊಣೆ ದಾರಿಯೇ ಬರ್ತಿತ್ತು."

ಉಪೇಂದ್ರ ಗಿರಕ್ಕನೆ ಹೆಂಡತಿಯ ಕಡೆ ತಿರುಗಿದ. "ಪೊಟ್ಟಣ ಕಟ್ಟಿದ್ದು ನೀನು."

"ನಾನೇ ಕಟ್ಟಿದ್ದು! ಒಂದರಲ್ಲಿ ಬಿಳಿ, ಒಂದರಲ್ಲಿ ಕೆಂಪು, ಈ ಕೈಯ್ಯಾರೆ ಹಾಕಿದೆ. ನಂಗೆ ಬೇಕಿದ್ದಿದ್ದೇ ಮೆಟ್ಟಿಲ ದಾರಿ, ನಾನ್ಯಾಕೆ ಎರಡಕ್ಕೂ ಬಿಳಿ ಹಾಕ್ಲಿ? ಆ ದಾರಿ ಬೇಕು ಬೇಕು ಅಂತ ಕುಣಿದೋರು ನೀವು!"

"ಜಗಳ ಆಮೇಲೆ ಆಡಿ," ಎಂದರು ಗೋದಾಬಾಯಿ. "ರಂಜನಿ, ಕಟ್ಟಿ ಎಲ್ಲಿಟ್ಟೆ?"

"ದೇವರ ಮುಂದಿನ ತಟ್ಟೇಲಿ. ಎಲ್ಲರೂ ಕಣ್ಣು ಮುಚ್ಚಿ ಸ್ತೋತ್ರ ಹೇಳಿ ಅಂದ್ರು ಮಾವ. ಹೇಳಿದ್ವಿ. ಕಣ್ಣು ಬಿಟ್ಟಮೇಲೆ ವೀಕ್ಷಾ ಎತ್ತಿದ್ಲು."

"ಎಲ್ಲರೂ ಮುಚ್ಚಿದ್ರಾ?"

ಕಣ್ಣು ಮುಚ್ಚಿದವರಿಗೆ ಬೇರೆಯವರ ಕಣ್ಣು ಹೇಗೆ ಗೊತ್ತಾಗಬೇಕು?

ಗೋದಾಬಾಯಿ ದೇವರ ಮನೆಗೆ ಹೋಗಿ ಮಲ್ಲಿಗೆ ದಿಂಡಿನಿಂದ ನಾರು ಎಳೆದು ತಂದರು. ದಿನಪತ್ರಿಕೆಯನ್ನು ಮೂರು ತುಂಡು ಮಾಡಿದರು.

"ಮೂರು ಜನವೂ ಒಂದೊಂದು ಪೊಟ್ಟಣ ಕಟ್ಟಿ. ಯೋಚನೆ ಮಾಡಬೇಡಿ, ಸುಮ್ನೆ ಕಟ್ಟಿ."

ರಂಜನಿ ಸರಸರ ಕಟ್ಟಿದಳು. ಉಪೇಂದ್ರ ಪೈಪಿಗೆ ಕಟ್ಟುವ ಹಾಗೆ ಬಿಗಿದ. ಸಮೀರ್‌ನ ಕೈಯಲ್ಲಿ ನಾರು ಎರಡು ಸಲ ಜಾರಿತು.

"ಗಂಟು ನಿಲ್ತಿಲ್ಲ ನಿಮಗೆ," ಎಂದರು ಗೋದಾಬಾಯಿ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅತ್ತೆ."

ಮೂರು ಪೊಟ್ಟಣಗಳನ್ನೂ ಅವರು ಸಾಲಾಗಿ ಇಟ್ಟರು. ಮೂರರಲ್ಲೂ ಗಂಟಿನ ಬಾಲ ಬಲಕ್ಕೆ ಇತ್ತು. ನಾಲ್ಕನೆಯದನ್ನು, ಬೆಟ್ಟದಿಂದ ಬಂದದ್ದನ್ನು, ಪಕ್ಕದಲ್ಲಿಟ್ಟರು.

ಅದರ ಬಾಲ ಎಡಕ್ಕೆ ಇತ್ತು.

ಗೋದಾಬಾಯಿಗೆ ಐವತ್ತೈದು ವರ್ಷ ಹಿಂದಿನ ಒಂದು ಮಧ್ಯಾಹ್ನ ಕಿವಿಯ ಹತ್ತಿರ ಉಸಿರಾಡಿದಂತಾಯಿತು. ತುಳಸಿ ಮಾಲೆ ಕಟ್ಟಲು ಕೂತ ಅಣ್ಣ ತಂಗಿ. ಎಡಗೈ ಮುಂದೆ ಮಾಡಿದಾಗಲೆಲ್ಲ ಅಣ್ಣನ ಬೆರಳ ಗೆಣ್ಣಿಗೆ ಅಪ್ಪನ ಬೀಸಣಿಗೆ ಕಡ್ಡಿಯ ಏಟು. ಊಟ ಬಲಗೈಗೆ ಬಂತು, ಪೂಜೆ ಬಂತು, ಬರವಣಿಗೆ ಬಂತು. ಗಂಟು ಮಾತ್ರ ಬರಲಿಲ್ಲ. ಆ ಮನೆಯಲ್ಲಿ ಎಡಚ ಒಬ್ಬನೇ.

"ಇದನ್ನ ಕಟ್ಟಿದ್ದು ಅಣ್ಣ," ಎಂದರು.

"ಅಪ್ಪನಾ!" ಉಪೇಂದ್ರ ಎದ್ದು ನಿಂತ. "ಅಪ್ಪ ಮೆಟ್ಟಿಲ ದಾರಿಗೆ ಹಟ ಹಿಡಿದಿದ್ರು ಅತ್ತೆ!"

"ಹಟ ಹಿಡಿದದ್ದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಜಗಳ ತೆಗೆದದ್ದೂ ಅವನೇ, ಸ್ವಾಮಿಯನ್ನ ಕೇಳೋಣ ಅಂದದ್ದೂ ಅವನೇ. ನೀವು ಕಣ್ಣು ಮುಚ್ಚಿದಾಗ ರಂಜನಿ ಕಟ್ಟಿದ ಎರಡನ್ನೂ ತೆಗೆದು, ತಾನು ಮೊದಲೇ ಕಟ್ಟಿ ಇಟ್ಕೊಂಡಿದ್ದ ಎರಡನ್ನ ಇಟ್ಟಿದ್ದಾನೆ. ನಿಮ್ಮನ್ನೆಲ್ಲ ಒಂದು ಕಡೆ ಇಳಿಸಿ, ತಾನು ಇನ್ನೊಂದು ಕಡೆ ಇಳಿಯೋದಕ್ಕೆ."

"ಹಾಗಾದ್ರೆ ನಮ್ಮ ಫ್ಲಾಟು? ಹರಿಪ್ರಿಯಾ ಮದುವೆ?" ರಂಜನಿಯ ಬಾಯಿಂದ ತಾನೇ ತಾನಾಗಿ ಬಂತು. "ಅವೆಲ್ಲ ದೇವರು ಹೇಳಿದ್ದಾ, ಮಾವ ಹೇಳಿದ್ದಾ?"

ಗೋದಾಬಾಯಿ ಅಣ್ಣನನ್ನು ನೆನೆದರು. ಸ್ನಾನ, ಪೂಜೆ ಆಗದೆ ಒಂದು ಗುಟುಕು ಕಾಫಿ ಮುಟ್ಟದ ಮನುಷ್ಯ. ತಪ್ಪಿ ಪಂಚಪಾತ್ರೆಗೆ ಕಾಲು ತಗುಲಿದರೆ ಇಡೀ ದಿನ ಉಪವಾಸ ಕೂರುವವನು. ಅಂಥವನು ನರಸಿಂಹನ ಎದುರಿಗೇ ಮೋಸದ ಪೊಟ್ಟಣ ಇಟ್ಟನೆಂದರೆ, ದೇವರಿಗಿಂತ ದೊಡ್ಡದಾದ ಯಾವುದೋ ಭಯ ಅವನ ಬೆನ್ನ ಹಿಂದೆ ಇತ್ತು.

ಫೋನ್ ಬಡಿದುಕೊಂಡಿತು. ಗೋದಾಬಾಯಿ ಸ್ಪೀಕರ್ ಒತ್ತಿ ಅದನ್ನು ಟೀಪಾಯಿಯ ಮೇಲಿಟ್ಟರು.

"ಅಮ್ಮಾರೇ, ಹೂವಿನ್ ಅಂಗ್ಡಿಯಮ್ಮ ಸಿಕ್ಲು. ಚ್ಯಪ್ಲಿ ಇಲ್ಲ. ಭಾನ್ವಾರ ಹನ್ನೊಂದೂವರೆಗೇ ತಗೊಂಡೋದ್ರಂತೆ."

ಉಪೇಂದ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಇಳಿದಿದ್ದಾರೆ. ಅಪ್ಪ ಇಳಿದಿದ್ದಾರೆ!"

"ತಡೀರಿ ಸ್ವಾಮಿ, ಇನ್ನೂ ಮುಗ್ದಿಲ್ಲ. ತಗೊಂಡೋಗಿದ್ದು ಯಜಮಾನ್ರು ಅಲ್ವಂತೆ. ಯಜಮಾನ್ರುನ್ನ ಆವಮ್ಮ ಆಮ್ಯಾಕೆ ನೋಡ್ನೇ ಇಲ್ವಂತೆ. ಬೆಳ್ಳನೆ ಬೂಟು, ಕನ್ನಡ್ಕ, ಕಾರ್ ತಗೊಂಡೋಗಕ್ಕೆ ಅಂತ ಓಡ್ತಾ ಇಳಿದ್ ಬಂದ ಹುಡ್ಗ. ಮಾವನವ್ರ ಚ್ಯಪ್ಲಿ ಕೊಡೀಮ್ಮ ಅಂತ ಇಸ್ಕೊಂಡೋದ್ನಂತೆ. ಯಾರಮ್ಮಾ ಅದು?"

ಟೀಪಾಯಿಯ ಮೇಲೆ ಮೂರು ಕಾಗದದ ಪೊಟ್ಟಣಗಳಿದ್ದವು. ಮೂರರಲ್ಲಿ ಒಂದು ಸಡಿಲವಾಗಿ ತಾನೇ ಬಿಚ್ಚಿಕೊಳ್ಳುತ್ತಿತ್ತು. ಎಲ್ಲರೂ ಅದನ್ನು ಕಟ್ಟಿದವನ ಕಡೆ ನೋಡಿದರು.

ಉಪೇಂದ್ರ ಸಮೀರ್‌ನ ಕಾಲರ್‌ಗೆ ಕೈ ಹಾಕಿಬಿಟ್ಟಿದ್ದ. ಗೋದಾಬಾಯಿ ನಡುವೆ ನಿಂತರು.

"ಬಿಡೋ. ಸಮೀರ್, ಕೂತ್ಕೊಳ್ಳಿ. ನೀವು ಈ ಮನೆ ಅಳಿಯಂದಿರು, ನಿಮಗೆ ನಾನು ಇದುವರೆಗೂ ಒಂದು ಮಾತು ಜೋರಾಗಿ ಅಂದಿಲ್ಲ. ಈಗಲೂ ಅನ್ನಲ್ಲ. ಅಣ್ಣ ಎಲ್ಲಿ?"

ಸಮೀರ್ ಕೂರಲಿಲ್ಲ. ಬೆಳಿಗ್ಗೆಯಿಂದ ಹೆಗಲಿನಿಂದ ಇಳಿಸದ ಚೀಲವನ್ನು ಗಟ್ಟಿಯಾಗಿ ಹಿಡಿದು ನಿಂತ.

"ಆಣೆ ಹಾಕಿಸ್ಕೊಂಡ್ರು ಅತ್ತೆ. ಹರಿಪ್ರಿಯಾ ಹೊಟ್ಟೇಲಿರೋ ಮಗು ಮೇಲೆ. ಯಾಕೆ ಅಂತ ಕೇಳಬೇಡ, ಮೂರು ದಿನ ನಾನು ಸತ್ತಿದ್ದೀನಿ ಅಂತ ಒಬ್ಬರು ನಂಬಬೇಕು ಅಂದ್ರು. ಯಾರು ಅಂತ ಹೇಳಲಿಲ್ಲ. ಅಂಗಡಿಯವಳಿಗೆ ಕಾಣದ ಹಾಗೆ ಬಂಡೆಗಳ ಹಿಂದಿನಿಂದ ಇಳಿದು ಬಂದ್ರು. ನಾನು ಚಪ್ಪಲಿ ತಂದುಕೊಟ್ಟೆ, ಬೆಟ್ಟದ ತಿರುವಲ್ಲಿ ಅವರನ್ನ ಬಸ್ ಹತ್ತಿಸಿದೆ. ಆಮೇಲೆ ಕಾರು ತಗೊಂಡು ನಿಮ್ಮ ಕಡೆ ಬಂದೆ."

"ಎಲ್ಲಿಗೆ ಬಸ್ಸು?"

"ಮದರಾಸಿಗೇ. ಮಣಲೀಲಿ ನನ್ನ ಫ್ರೆಂಡ್ ಮನೆ ಖಾಲಿ ಇತ್ತು. ಬೀಗದ ಕೈ ಕೊಟ್ಟಿದ್ದೆ."

"ಮಣಲೀಲಾ?" ಉಪೇಂದ್ರ ಕೇಳಿದ. "ನನ್ನ ಗೇಟಿನ ಹತ್ರಾನೇ?"

"ನೀವು ಅಳ್ತಾ ಇದ್ದಾಗ ಎಷ್ಟು ಸಲ ಹೇಳಬೇಕು ಅಂತ ಬಾಯಿಗೆ ಬಂತು ಭಾವ. ಮೂರನೇ ದಿನ ಸಂಜೆ ನಾನೇ ಬರ್ತೀನಿ ಅಂದಿದ್ರು. ಇವತ್ತು ಸಂಜೆ." ಸಮೀರ್ ಕಣ್ಣೊರೆಸಿಕೊಂಡು ಗೋದಾಬಾಯಿಯ ಕಡೆ ತಿರುಗಿದ. "ಎರಡು ದಿನ ಮಾವ ಎಲ್ಲಿದ್ದಾರೆ ಅಂತ ನಂಗೆ ಗೊತ್ತಿತ್ತು ಅತ್ತೆ. ಇವತ್ತು ಬೆಳಿಗ್ಗೆಯಿಂದ ಗೊತ್ತಿಲ್ಲ."

"ಏನಂದ್ರಿ?"

"ಏಳು ಗಂಟೆಗೆ ತಿಂಡಿ ತಗೊಂಡು ಹೋದೆ. ಬಾಗಿಲು ಹಾರು ಹೊಡೆದಿತ್ತು. ಹಾಸಿಗೆ ಮಡಚಿಲ್ಲ. ಪಂಚಪಾತ್ರೆ ನೆಲದ ಮೇಲೆ ಉರುಳಿತ್ತು. ಹೊಸ್ತಿಲ ಹತ್ರ ಬರೀ ಇವು ಬಿದ್ದಿದ್ವು."

ಅವನು ಚೀಲದಿಂದ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಗಂಟನ್ನು ತೆಗೆದ. ಹಾಸಿದ ಬಟ್ಟೆಯ ಮೇಲೆ, ಉಪೇಂದ್ರನ ಬೂಟಿನ ಪಕ್ಕದಲ್ಲಿ ಬಿಚ್ಚಿದ. ಕಂದು ತೊಗಲಿನ ಒಂದು ಜೊತೆ ಚಪ್ಪಲಿ.

ರಂಜನಿ ಅಳತೊಡಗಿದಳು. ಫೋನಿನಲ್ಲಿ ಹನುಮಂತಯ್ಯ ಕೂಗುತ್ತಿದ್ದ. "ಅಮ್ಮಾರೇ, ಕೇಳುಸ್ತಾ? ರೇಂಜರ್ ಸಾಹೇಬ್ರು ಕೇಳ್ತಾವ್ರೆ, ಹದ್ನಾಲ್ಕು ಜನ ಮೆಟ್ಲತ್ರ ನಿಂತವ್ರೆ. ಏನ್ ಮಾಡನ? ಯಾವ್ ಕಡೆ ಹುಡುಕನ?"

ಗೋದಾಬಾಯಿ ಬಗ್ಗಿ ಎರಡು ಚಪ್ಪಲಿಗಳನ್ನೂ ಎತ್ತಿಕೊಂಡರು. ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು. ಒಂದನ್ನು ಕೆಳಗಿಟ್ಟರು. ಇನ್ನೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹನುಮಂತಯ್ಯ, ಬೆಟ್ಟ ಬಿಟ್ಟುಬಿಡಿ. ಸಿಕ್ಕ ಬಸ್ ಹತ್ತಿ ಮಣಲಿಗೆ ಬನ್ನಿ."

"ಯಾಕ್ರಮ್ಮಾ? ಏನಾಯ್ತು?"

"ಬಲಗಾಲಿನದರಲ್ಲಿ ನಾನು ಹಾಕಿಸಿದ ಹಳದಿ ಹೊಲಿಗೆ ಇದೆ," ಎಂದರು ಗೋದಾಬಾಯಿ. "ಎಡಗಾಲಿನದರಲ್ಲಿ ಇಲ್ಲ. ಇದೊಂದು ನಮ್ಮ ಅಣ್ಣನ ಚಪ್ಪಲಿ ಅಲ್ಲ, ಅಲ್ಲಿಗೆ ಬಂದು ಹೋದ ಬೇರೊಬ್ಬನದು."